ಶಾಲೆಯ ಹೊಸ್ತಿಲು



ಈ ಉಪನ್ಯಾಸದ ದತ್ತಿಯನ್ನು ಸ್ಥಾಪಿಸಿದವರು ಪ್ರಾಥಮಿಕ ಶಾಲೆಯಲ್ಲಿ ಉಪಾಧ್ಯಾಯರಾಗಿದ್ದ ದಂಪತಿಗಳು. ಮೂವತ್ತಕ್ಕೆ ಮಿಕ್ಕ ವರ್ಷಗಳನ್ನು ಹಳ್ಳಿಯ ಮಕ್ಕಳಿಗೆ ಅಕ್ಷರ ತಿದ್ದಿಸುವುದರಲ್ಲಿಯೇ ಸವೆಸಿ, ನಿವೃತ್ತರಾದಾಗ ಕೈಗೆ ಬಂದ ಹಣದಲ್ಲಿ ಒಂದು ಪಾಲನ್ನು ತೆಗೆದಿರಿಸಿ, ಶಾಲೆಯ ವಿಚಾರವಾಗಿ ವರ್ಷಕ್ಕೊಮ್ಮೆಯಾದರೂ ನಾಲ್ಕು ಮಂದಿ ಒಂದೆಡೆ ಕುಳಿತು ಆಲೋಚಿಸಲೆಂದು ಅದನ್ನು ಈ ಸಂಸ್ಥೆಯ ವಶಕ್ಕೆ ಒಪ್ಪಿಸಿದವರು. ಇಂಥ ದಾನದ ಮುಂದೆ ನಿಂತು ಮಾತನಾಡುವವನಿಗೆ ಅಳುಕು ಸಹಜವಷ್ಟೆ. ನಾನೂ ಅದೇ ವೃತ್ತಿಯಲ್ಲಿ ಬಾಳಿದವನು ಎಂಬುದೊಂದೇ ನನಗಿರುವ ಧೈರ್ಯ.

ಸಶಸ್ತ್ರ ಕಲಹ ನಡೆಯುತ್ತಿರುವ ಸೀಮೆಯಲ್ಲಿ ಮಗುವೊಂದು ನಿರ್ಭಯವಾಗಿ ಶಾಲೆಗೆ ಹೋಗಿ ನಿರ್ಭಯವಾಗಿ ಮನೆಗೆ ಮರಳುವುದೆಂತು ಎಂಬುದು ಇಂದಿನ ವಿಷಯ. ಇದು ಜಗತ್ತಿನ ಉದ್ದಗಲಕ್ಕೂ ಹಬ್ಬಿದ ಸಂಕಟ. 2014ರ ಏಪ್ರಿಲ್‌ನಲ್ಲಿ ನೈಜೀರಿಯದ ಚಿಬೊಕ್ ಎಂಬ ಊರಿನ ಶಾಲೆಯಿಂದ 276 ಹೆಣ್ಣುಮಕ್ಕಳನ್ನು ಒಂದೇ ರಾತ್ರಿಯಲ್ಲಿ ಅಪಹರಿಸಿದರು. ಅದೇ ವರ್ಷ ಡಿಸೆಂಬರ್ 16ರಂದು ಪೇಶಾವರದ ಶಾಲೆಯೊಂದರಲ್ಲಿ ನೂರ ಮೂವತ್ತಕ್ಕೂ ಹೆಚ್ಚು ಮಕ್ಕಳು ಗುಂಡಿಗೆ ಬಲಿಯಾದರು. ಯುಕ್ರೇನಿನ ಹಾರ್ಕಿವ್ ನಗರದಲ್ಲಿ 2023ರಿಂದೀಚೆಗೆ ಮಕ್ಕಳು ನೆಲದಡಿಯ ಮೆಟ್ರೊ ನಿಲ್ದಾಣಗಳಲ್ಲಿ ಕುಳಿತು ಪಾಠ ಕೇಳುತ್ತಿದ್ದಾರೆ. ಆದರೆ ದೂರದ ದುಃಖವನ್ನು ಹೇಳಿ ಹತ್ತಿರದ್ದನ್ನು ಮರೆಯುವುದು ತರವಲ್ಲವೆಂದು, ನಮ್ಮ ದೇಶದ ನಡುಮಧ್ಯದ ಬಸ್ತರದ ಸೀಮೆಯನ್ನೇ ಇಂದು ನಾನು ಆರಿಸಿಕೊಂಡಿದ್ದೇನೆ.

ಅಲ್ಲಿಗೆ ಹೋಗುವ ಮೊದಲು ನನ್ನ ಅನುಭವದ ಒಂದು ಸಣ್ಣ ಸಂಗತಿಯನ್ನು ಅರಿಕೆ ಮಾಡಿಕೊಳ್ಳಬೇಕು. ನಾನು ವೃತ್ತಿಗೆ ಸೇರಿದ ಮೂರನೆಯ ವರ್ಷ, ನಾನಿದ್ದ ಪುಟ್ಟ ಪಟ್ಟಣದಲ್ಲಿ ಮೆರವಣಿಗೆಯೊಂದರ ನಿಮಿತ್ತವಾಗಿ ಗಲಭೆಯಾಯಿತು. ಬಂದೋಬಸ್ತಿಗೆಂದು ಹೊರಗಿನಿಂದ ಬಂದ ಪೊಲೀಸ್ ತುಕಡಿಗೆ ಇಳಿದುಕೊಳ್ಳಲು ಬೇರೆ ಜಾಗವಿಲ್ಲದೆ ನಮ್ಮ ಶಾಲೆಯನ್ನು ಬಿಟ್ಟುಕೊಡಬೇಕಾಗಿ ಬಂತು. ಹನ್ನೆರಡು ದಿನ ಇದ್ದು ಅವರು ಹೊರಟುಹೋದರು. ಅವರ ಮೇಲೆ ನನಗೆ ದೂರಿಲ್ಲ. ಅವರೂ ಮಕ್ಕಳೊಂದಿಗರು, ಹಗಲಿರುಳು ನಿಂತು ದಣಿದವರು, ಬರಿಯ ನೆಲದ ಮೇಲೆ ಮಲಗಿ ಎದ್ದವರು. ನಾವು ಬಾಗಿಲು ತೆರೆದು ನೋಡಿದಾಗ, ಎರಡನೆಯ ತರಗತಿಯ ಮೂಲೆಯಲ್ಲಿ ಮೂರು ಕಲ್ಲಿನ ಒಲೆ ಹೂಡಿದ್ದರ ಮಸಿ ಸೂರಿನವರೆಗೆ ಏರಿತ್ತು. ಕರಿಹಲಗೆಯ ಮೇಲೆ ರಾತ್ರಿಯ ಪಹರೆ ಯಾರದು, ಹಗಲಿನದು ಯಾರದು ಎಂಬ ಪಟ್ಟಿಯಿತ್ತು. ಭೂಪಟದ ಮೇಲ್ಭಾಗಕ್ಕೆ ಬೆಲ್ಟು ತೂಗುಹಾಕಲು ಹೊಡೆದ ಮೊಳೆ ಹಾಗೆಯೇ ಉಳಿದಿತ್ತು. ನಾವು ಗೋಡೆಗೆ ಸುಣ್ಣ ಬಳಿದೆವು, ಹಲಗೆಯನ್ನು ಒರೆಸಿದೆವು, ಮೊಳೆಯನ್ನು ಕಿತ್ತೆವು. ಆದರೆ ಎರಡನೆಯ ತರಗತಿಯ ಒಬ್ಬ ಹುಡುಗ ಆ ಕೋಣೆಯ ಹೊಸ್ತಿಲನ್ನು ದಾಟಲಿಲ್ಲ. ಗಲಭೆಯ ವಾರದಲ್ಲಿ ಅವನ ತಂದೆಯನ್ನು ವಿಚಾರಣೆಗೆಂದು ಕರೆದೊಯ್ದಿದ್ದರಂತೆ. ತಂದೆ ಮೂರೇ ದಿನದಲ್ಲಿ ಹಿಂತಿರುಗಿದ್ದ. ಆದರೂ ಹುಡುಗ ಒಳಗೆ ಬಾರದೆ ಹೊರಜಗುಲಿಯಲ್ಲಿ ಕಂಬಕ್ಕೆ ಒರಗಿ ಕುಳಿತು, ಬಾಗಿಲಿನಿಂದ ಕೇಳಿಬಂದಷ್ಟು ಪಾಠವನ್ನು ಕೇಳುತ್ತಿದ್ದ. ಒಂದು ತಿಂಗಳ ಮೇಲೆ ಒಂದು ದಿನ ಮಳೆ ಬಂದು ಜಗುಲಿಗೆ ಎರಚಲು ಹೊಡೆದಾಗ, ಯಾರೂ ಕರೆಯದೆ, ತಾನಾಗಿಯೇ ಒಳಗೆ ಬಂದ.

ಹನ್ನೆರಡು ದಿನಗಳ ವಾಸಕ್ಕೆ ಒಂದು ಎಳೆಯ ಮನಸ್ಸು ತೆತ್ತ ಬೆಲೆ ಒಂದು ತಿಂಗಳಾದರೆ, ವರ್ಷಾನುಗಟ್ಟಲೆ ಕೋವಿ ಹಿಡಿದವರು ನೆಲೆಸಿದ ಶಾಲೆಗಳ ಸುತ್ತಮುತ್ತ ಬೆಳೆದ ಮಕ್ಕಳ ಲೆಕ್ಕವನ್ನು ಎಂತು ಮಾಡಬೇಕೆಂಬ ಪ್ರಶ್ನೆಯೇ ನನ್ನನ್ನು ಬಸ್ತರದ ಕಡೆಗೆ ಎಳೆದುದು.

ಬಸ್ತರವೆಂದರೆ ಛತ್ತೀಸಗಢದ ದಕ್ಷಿಣದ ಏಳು ಜಿಲ್ಲೆಗಳು. ಅವುಗಳಲ್ಲೊಂದರ ಹೆಸರು ಬಿಜಾಪುರ; ಆ ಹೆಸರನ್ನು ಕೇಳಿದೊಡನೆ ಗೋಲಗುಮ್ಮಟವನ್ನು ನೆನೆಯುವ ನಮಗೆ, ಇಂದ್ರಾವತೀ ನದಿಯ ತೀರದ ಅಡವಿಯ ಈ ಇನ್ನೊಂದು ಬಿಜಾಪುರ ಅಪರಿಚಿತವಾಗಿಯೇ ಉಳಿದಿದೆ. ಅಲ್ಲಿಯ ಜನದ ಮಾತು ಬಹುಮಟ್ಟಿಗೆ ಗೊಂಡಿ, ಹಲ್ಬಿ, ದೋರ್ಲಿ. ಗೊಂಡಿಯಾದರೋ ದ್ರಾವಿಡ ಭಾಷೆ. ನಮ್ಮ ಕನ್ನಡದ ದಾಯಾದಿ. ನಮ್ಮ ಕಣ್ಣು ಅವರಿಗೆ ‘ಕನ್’. ನಮ್ಮ ಎರಡು ಅವರ ‘ರಂಡ್’. ನಮ್ಮ ನಾಲ್ಕು ಅವರ ‘ನಾಲುಂಗ್’. ಆ ಮಕ್ಕಳು ಎಣಿಸುವುದನ್ನು ಕೇಳುವ ಕನ್ನಡಿಗನಿಗೆ, ಬಹುಕಾಲದಿಂದ ಕಾಣದಿದ್ದ ಬಂಧುಗಳ ಮನೆಯ ಜಗುಲಿಯ ಮೇಲೆ ಕುಳಿತ ಅನುಭವವಾಗುತ್ತದೆ. ಆದಕಾರಣ ಬಸ್ತರದ ಮಾತನ್ನು ಪರರ ಮಾತೆಂದು ನಾನು ಆಡಲಾರೆ.

2005ರ ಬೇಸಿಗೆಯ ಕೊನೆಯಲ್ಲಿ ಆ ಬಿಜಾಪುರದ ಸೀಮೆಯಲ್ಲಿ ಸಾಲ್ವಾ ಜುಡುಂ ಎಂಬ ಚಳವಳಿ ತಲೆಯೆತ್ತಿತು. ಶಾಂತಿಯಾತ್ರೆಯೆಂದು ಅದಕ್ಕೆ ಅರ್ಥ ಹೇಳಿದರು. ಮಾವೋವಾದಿ ಬಂಡುಕೋರರನ್ನು ಎದುರಿಸಲೆಂದು ಹಳ್ಳಿಯವರ ಕೈಗೇ ಆಯುಧವನ್ನು ಕೊಟ್ಟು, ಅಡವಿಯೊಳಗಿನ ಊರುಗಳನ್ನು ಬರಿದುಮಾಡಿ, ಜನರನ್ನು ಹೆದ್ದಾರಿಯ ಬದಿಯ ಶಿಬಿರಗಳಿಗೆ ತಂದು ಸೇರಿಸುವ ಆ ಕ್ರಮದಿಂದ 644 ಹಳ್ಳಿಗಳು ಬಾಧೆಗೊಳಗಾದುವೆಂದು ಲೆಕ್ಕ. ಶಿಬಿರಕ್ಕೆ ಬಂದವರು ಒಂದು ಕಡೆ, ಬಾರದೆ ಅಡವಿಯೊಳಕ್ಕೆ ಸರಿದವರು ಇನ್ನೊಂದು ಕಡೆ, ಎರಡೂ ಬೇಡವೆಂದು ರಾಜ್ಯದ ಗಡಿ ದಾಟಿ ಅಂದಿನ ಆಂಧ್ರದ ಖಮ್ಮಂ ಜಿಲ್ಲೆಯ ಕಾಡಿಗೆ ಹೋದವರು ಮತ್ತೊಂದು ಕಡೆ. ಹೀಗೆ ಒಂದೇ ಊರು ಮೂರು ಪಾಲಾಯಿತು. ಊರು ಮೂರು ಪಾಲಾದ ಮೇಲೆ ಊರಿನ ಶಾಲೆ ಯಾರದು?

ಅಡವಿಯ ಹಳ್ಳಿಯಲ್ಲಿ ಮಣ್ಣಿನ ಮನೆಗಳ ನಡುವೆ ಸಿಮೆಂಟಿನ ತಾರಸಿ, ಕಬ್ಬಿಣದ ಬಾಗಿಲು, ಕೊಳವೆಬಾವಿ, ಸಮತಟ್ಟಾದ ಅಂಗಳ ಇಷ್ಟೂ ಇದ್ದುದು ಬಹುತೇಕ ಶಾಲೆಗೊಂದಕ್ಕೇ. ಆದುದರಿಂದ ಊರಿಗೆ ಬಂದ ಭದ್ರತಾ ಪಡೆಗಳು ಅಲ್ಲಿಯೇ ಇಳಿದುವು. ತಾರಸಿಯ ಮೇಲೆ ಮರಳಿನ ಚೀಲಗಳನ್ನು ಪೇರಿಸಿ, ಸುತ್ತಲೂ ಮುಳ್ಳುತಂತಿ ಎಳೆದುವು. ಪಡೆಗಳು ಇಳಿದುಕೊಳ್ಳುತ್ತವೆ ಎಂಬ ಕಾರಣವನ್ನೇ ಮುಂದೊಡ್ಡಿ ಮಾವೋವಾದಿಗಳು ಶಾಲೆಗಳನ್ನು ಸಿಡಿಮದ್ದಿಟ್ಟು ಉರುಳಿಸಿದರು. ಆದರೆ ಪಡೆಗಳು ಎಂದೂ ತಂಗದಿದ್ದ ಶಾಲೆಗಳೂ ಉರುಳಿದುವು ಎಂಬುದನ್ನು ಇಲ್ಲಿ ಹೇಳದಿದ್ದರೆ ಸತ್ಯಕ್ಕೆ ಅಪಚಾರವಾಗುತ್ತದೆ. ಬಿಹಾರ, ಝಾರ್ಖಂಡಗಳಲ್ಲಿಯೂ ಹಾಗೆಯೇ ನಡೆಯಿತು. ಒಂದು ಪಕ್ಷ ಶಾಲೆಯನ್ನು ಕೋಟೆ ಮಾಡಿತು, ಇನ್ನೊಂದು ಪಕ್ಷ ಅದನ್ನು ಕೋಟೆಯೆಂದು ಕರೆದು ಕೆಡವಿತು. ಅದು ಶಾಲೆಯೆಂಬ ಮಾತನ್ನು ಇಬ್ಬರೂ ಮರೆತರು. ಬಸ್ತರದ ಸುಕ್ಮಾ ಜಿಲ್ಲೆಯ ಜಗರ್‌ಗುಂಡಾ ಎಂಬ ಊರಿನ ಶಾಲೆ 2006ರಲ್ಲಿ ಹಾಳಾಗಿ, ಐವತ್ತಕ್ಕೂ ಹೆಚ್ಚು ಕಿಲೋಮೀಟರ್ ದೂರದ ದೋರ್ನಾಪಾಲಕ್ಕೆ ವರ್ಗವಾಗಿ, ಮರಳಿ ತನ್ನ ಊರಿನಲ್ಲಿ ಬಾಗಿಲು ತೆರೆದುದು 2019ರಲ್ಲಿ. ಹದಿಮೂರು ವರ್ಷ! ಒಂದನೆಯ ತರಗತಿಗೆ ಸೇರಬೇಕಾಗಿದ್ದ ಮಗುವಿಗೆ ಅಷ್ಟರಲ್ಲಿ ಮದುವೆಯ ವಯಸ್ಸಾಗಿರುತ್ತದೆ.

ಯುದ್ಧದ ನಡುವೆಯೂ ವಿದ್ಯಾಲಯವನ್ನು ಮುಟ್ಟಬಾರದೆಂಬ ವಿವೇಕವನ್ನು ಜಗತ್ತು ಬಹು ಹಿಂದೆಯೇ ಅಕ್ಷರಕ್ಕಿಳಿಸಿದೆ. 1907ರ ಹೇಗ್ ನಿಯಮಗಳಲ್ಲಿ, ಧರ್ಮ, ದಾನ, ವಿದ್ಯೆಗಳಿಗೆ ಮೀಸಲಾದ ಸಂಸ್ಥೆಗಳ ಸ್ವತ್ತನ್ನು ಆಕ್ರಮಿಸಿದ ಸೇನೆ ಖಾಸಗಿ ಸ್ವತ್ತಿನಂತೆಯೇ ಭಾವಿಸಿ ಕಾಯಬೇಕೆಂದಿದೆ. 1935ರ ಏಪ್ರಿಲ್ 15ರಂದು ವಾಷಿಂಗ್ಟನ್‌ನಲ್ಲಿ ಅಮೆರಿಕ ಖಂಡದ ರಾಷ್ಟ್ರಗಳು ಸಹಿ ಮಾಡಿದ ಇನ್ನೊಂದು ಒಪ್ಪಂದ ನಮಗೆ ಇನ್ನಷ್ಟು ಆತ್ಮೀಯವಾದುದು. ಏಕೆಂದರೆ ಅದರ ಪ್ರೇರಕರು, ಹಿಮಾಲಯದ ಕುಲು ಕಣಿವೆಯಲ್ಲಿ ನೆಲೆಸಿ ಅಲ್ಲಿಯೇ 1947ರಲ್ಲಿ ದೇಹ ಬಿಟ್ಟ ರಷ್ಯದ ಚಿತ್ರಕಾರ ನಿಕೊಲಾಸ್ ರೋರಿಕ್. ಬೆಂಗಳೂರಿನ ಹೊರವಲಯದ ತಾತಗುಣಿಯ ತೋಟದಲ್ಲಿ ದೇವಿಕಾರಾಣಿಯವರೊಡನೆ ಬಾಳಿದ ಸ್ವೆತೊಸ್ಲಾವ್ ರೋರಿಕ್ ಅವರ ತಂದೆ ಇವರು. ಆಸ್ಪತ್ರೆಯ ಮೇಲೆ ಕೆಂಪು ಶಿಲುಬೆಯಿರುವಂತೆ ವಿದ್ಯಾಲಯ, ವಸ್ತುಸಂಗ್ರಹಾಲಯಗಳ ಮೇಲೆ ಬಿಳಿಯ ಬಟ್ಟೆಯಲ್ಲಿ ವೃತ್ತದೊಳಗೆ ಮೂರು ಕೆಂಪು ಬಿಂದುಗಳಿರುವ ಬಾವುಟ ಹಾರಬೇಕು, ಅದನ್ನು ಕಂಡ ಸೈನಿಕ ಆಯುಧವನ್ನು ತಗ್ಗಿಸಬೇಕು ಎಂಬುದು ಅವರ ಆಸೆ. ಸ್ವತಂತ್ರ ಭಾರತ 1948ರಲ್ಲಿ ಆ ಒಪ್ಪಂದವನ್ನು ಅಂಗೀಕರಿಸಿತು. ತಾತಗುಣಿಯ ತೋಟದ ಬಗೆಗೆ ನಮ್ಮಲ್ಲಿ ನಡೆದಷ್ಟು ಚರ್ಚೆ ಆ ಮೂರು ಬಿಂದುಗಳ ಬಗೆಗೆ ನಡೆಯಲಿಲ್ಲವಲ್ಲ ಎಂದು ನನಗೆ ವ್ಯಥೆಯುಂಟು.

ಅನಂತರ 1949ರ ಜಿನೀವಾ ಒಪ್ಪಂದ ಬಂತು. 1998ರ ರೋಮ್ ಶಾಸನ ಬಂತು. ವಿದ್ಯಾಲಯದ ಮೇಲೆ ಬುದ್ಧಿಪೂರ್ವಕವಾಗಿ ದಾಳಿ ಮಾಡುವುದು ಯುದ್ಧಾಪರಾಧವೆಂದು ರೋಮ್ ಶಾಸನ ಸಾರಿತು. ಆದರೆ, ‘ಆ ಕಟ್ಟಡ ಸೈನಿಕ ಗುರಿಯಾಗಿರದ ಪಕ್ಷದಲ್ಲಿ’ ಎಂಬ ಒಂದು ಷರತ್ತಿನೊಡನೆ. ಸಭಿಕರು ದಯಮಾಡಿ ಈ ಷರತ್ತಿನ ಮುಂದೆ ಒಂದು ಕ್ಷಣ ನಿಲ್ಲಬೇಕು. ಕೋವಿ ಹಿಡಿದವನು, ಅವನು ಯಾರ ಪಕ್ಷದವನೇ ಆಗಲಿ, ರಕ್ಷಣೆಯ ಹೆಸರಿನಲ್ಲಿಯೇ ಆಗಲಿ, ಶಾಲೆಯ ಹೊಸ್ತಿಲನ್ನು ದಾಟಿ ಅಲ್ಲಿ ನೆಲೆಸಿದನೆಂದರೆ ಶಾಲೆಗೆ ಧರ್ಮ ಕೊಟ್ಟಿದ್ದ ಕವಚ ಕಳಚಿಬೀಳಬಹುದು. ಮಕ್ಕಳು ಒಳಗಿದ್ದರೂ ಅದು ಶತ್ರುವಿನ ಕಣ್ಣಿಗೆ ಶಿಬಿರವಾಗುತ್ತದೆ. ಈ ಕಾರಣದಿಂದಲೇ 2015ರ ಮೇ ತಿಂಗಳಲ್ಲಿ ಓಸ್ಲೊ ನಗರದಲ್ಲಿ ಸಿದ್ಧವಾದ ಸುರಕ್ಷಿತ ಶಾಲೆಗಳ ಘೋಷಣೆ, ದಾಳಿ ಮಾಡಬೇಡಿರಿ ಎಂಬಲ್ಲಿಗೆ ನಿಲ್ಲದೆ, ಒಳಗೆ ಹೋಗಬೇಡಿರಿ ಎಂದಿತು. ಅದರ ಜೊತೆಯ ಮಾರ್ಗಸೂತ್ರಗಳಲ್ಲಿ ಎರಡು ಮಾತುಗಳು ನನ್ನ ಮನಸ್ಸಿಗೆ ನಾಟಿದುವು. ಅನಿವಾರ್ಯವಾಗಿ ಶಾಲೆಯಲ್ಲಿ ತಂಗಿದ ಪಡೆ ಹೊರಡುವಾಗ ತಾನಿದ್ದುದರ ಗುರುತುಗಳನ್ನೆಲ್ಲ ಅಳಿಸಿ ಹೋಗಬೇಕು ಎಂಬುದು ಒಂದು. ಅದನ್ನು ಓದಿದಾಗ ನನಗೆ ಭೂಪಟದ ಮೇಲಿನ ಮೊಳೆ ನೆನಪಾಯಿತು. ಬೇರೆ ಉಪಾಯವಿರುವಾಗ, ಕಾದಾಡುವ ಪಡೆಗಳನ್ನು ಶಾಲೆಯ ಕಾವಲಿಗೂ ನಿಲ್ಲಿಸಕೂಡದು ಎಂಬುದು ಇನ್ನೊಂದು. 120ಕ್ಕೂ ಹೆಚ್ಚು ರಾಷ್ಟ್ರಗಳು ಇದಕ್ಕೆ ಒಪ್ಪಿಗೆಯಿತ್ತಿವೆ. ಭಾರತ ಇತ್ತಿಲ್ಲ. ರೋರಿಕ್ ಒಪ್ಪಂದವನ್ನು ಅಂಗೀಕರಿಸಿದ ದೇಶ ಇದನ್ನೂ ಅಂಗೀಕರಿಸಬೇಕೆಂದು ನಾನು ಈ ವೇದಿಕೆಯಿಂದ ವಿನಯಪೂರ್ವಕವಾಗಿ, ಆದರೆ ಸ್ಪಷ್ಟವಾಗಿ, ಹೇಳಬಯಸುತ್ತೇನೆ.

ಹಾಗೆಂದು ನಮ್ಮ ನ್ಯಾಯಪೀಠ ಸುಮ್ಮನೆ ಕುಳಿತಿರಲಿಲ್ಲ. ಈಶಾನ್ಯ ರಾಜ್ಯಗಳ ಮಕ್ಕಳು ತಮಿಳುನಾಡಿನ ಅನಾಥಾಲಯಗಳಿಗೆ ಬಂದು ಸೇರಿದುದೇಕೆಂದು ವಿಚಾರಿಸಹೊರಟ ಸರ್ವೋಚ್ಚ ನ್ಯಾಯಾಲಯ, ಅವರ ಊರಿನ ಶಾಲೆಗಳಲ್ಲಿ ಪಡೆಗಳು ನೆಲೆಸಿರುವ ಸಂಗತಿಯನ್ನು ಕಂಡು, 2010ರ ಸೆಪ್ಟೆಂಬರ್ 1ರಂದು ಶಾಲೆ, ವಸತಿನಿಲಯಗಳನ್ನು ಯಾವ ಪಡೆಯೂ ಹಿಡಿದಿಟ್ಟುಕೊಳ್ಳಕೂಡದೆಂದು ಆಜ್ಞೆ ಮಾಡಿತು. ಬಸ್ತರದ ಶಾಲೆ, ಆಶ್ರಮಶಾಲೆಗಳನ್ನು ತೆರವು ಮಾಡಬೇಕೆಂದು 2011ರಲ್ಲಿ ಛತ್ತೀಸಗಢ ಸರ್ಕಾರಕ್ಕೆ ಅಪ್ಪಣೆಯಾಯಿತು. ಅದೇ ವರ್ಷ ಜುಲೈ 5ರಂದು ನ್ಯಾಯಮೂರ್ತಿಗಳಾದ ಬಿ. ಸುದರ್ಶನ ರೆಡ್ಡಿ ಮತ್ತು ಎಸ್. ಎಸ್. ನಿಜ್ಜರ್ ಅವರ ಪೀಠ, ನಂದಿನಿ ಸುಂದರ್ ಮೊದಲಾದವರು ತಂದಿದ್ದ ಮೊಕದ್ದಮೆಯಲ್ಲಿ, ಎಳೆಯ ಆದಿವಾಸಿ ಹುಡುಗರ ಕೈಗೆ ಬಂದೂಕು ಕೊಡುವ ಪದ್ಧತಿಯನ್ನೇ ಸಂವಿಧಾನಬಾಹಿರವೆಂದು ತಳ್ಳಿಹಾಕಿತು. ಪಡೆಗಳು ತೆರಳಿದುವು. ಆದರೆ ತೆರವಾದ ಕಟ್ಟಡಗಳ ಸುತ್ತ ಊರೇ ಇರಲಿಲ್ಲ. ಊರಿದ್ದ ಕಡೆ ಕಟ್ಟಡವಿರಲಿಲ್ಲ.

ಆಗ ಆಡಳಿತದವರು ಹೂಡಿದ ಉಪಾಯವೇ ಪೋಟಾ ಕ್ಯಾಬಿನ್. ಬಿದಿರು, ಪ್ಲೈವುಡ್ಡಿನಿಂದ ಬೇಗಬೇಗನೆ ಎಬ್ಬಿಸಬಹುದಾದ ವಸತಿಶಾಲೆ. ಒಂದೊಂದರಲ್ಲಿ ಸುಮಾರು ಐನೂರು ಮಕ್ಕಳು. ಸಿಮೆಂಟು ಇಲ್ಲವಾದುದರಿಂದ ಅದನ್ನು ಯಾರೂ ಕೋಟೆ ಮಾಡಿಕೊಳ್ಳಲಾರರು, ಆದುದರಿಂದ ಯಾರೂ ಸಿಡಿಸಲಾರರು ಎಂಬ ಯುಕ್ತಿ. ರಸ್ತೆಗೆ ಹತ್ತಿರ, ಅಡವಿಯ ಊರಿಗೆ ದೂರ. ಇದನ್ನು ಹಗುರವಾಗಿ ಕಾಣುವವರ ಮಾತನ್ನು ನಾನು ಒಪ್ಪಲಾರೆ. ಒಂದು ತಲೆಮಾರಿನ ಮಕ್ಕಳು ಅಕ್ಷರ ಕಂಡುದು, ಎರಡು ಹೊತ್ತು ಹೊಟ್ಟೆ ತುಂಬ ಉಂಡುದು, ಬಂಡುಕೋರರ ಬಾಲಸಂಘಗಳಿಗೆ ಸೇರದೆ ಉಳಿದುದು ಆ ಬಿದಿರಿನ ಗೋಡೆಗಳ ನಡುವೆಯೇ. ಬೆಂಕಿ ಬಿದ್ದ ಮನೆಯಿಂದ ಮಗುವನ್ನು ಎತ್ತಿಕೊಂಡು ಹೊರಗೋಡುವವನನ್ನು, ತೊಟ್ಟಿಲನ್ನೇಕೆ ತರಲಿಲ್ಲವೆಂದು ಯಾರೂ ಕೇಳುವುದಿಲ್ಲ. ಆದರೆ ಬೆಂಕಿ ಆರಿದ ಮೇಲೆ ಮಗುವನ್ನು ತಾಯಿಗೆ ಒಪ್ಪಿಸಬೇಕಾದುದು ಇದ್ದೇ ಇದೆ. ಆರು ವರ್ಷದ ಕೂಸು ತಾಯಿಯನ್ನು ಬಿಟ್ಟು, ತನ್ನ ಮಾತನ್ನು ಬಿಟ್ಟು, ಹಬ್ಬಕ್ಕೊಮ್ಮೆ ಮಾತ್ರ ಮನೆ ಕಾಣುವ ವ್ಯವಸ್ಥೆ ಹತ್ತು ವರ್ಷ ನಡೆದರೆ ಅದೇ ರೂಢಿಯಾಗಿಬಿಡುತ್ತದೆ. ಶಿಕ್ಷಣದ ಹಕ್ಕಿನ ಕಾಯಿದೆಯಡಿ ಕೇಂದ್ರವೇ ರಚಿಸಿದ ಮಾದರಿ ನಿಯಮಗಳು ಐದನೆಯ ತರಗತಿಯವರೆಗಿನ ಶಾಲೆ ಮಗುವಿನ ನೆರೆಯಲ್ಲಿ, ಒಂದು ಕಿಲೋಮೀಟರ್ ಒಳಗೆ, ಇರಬೇಕೆಂದು ಹೇಳಿರುವುದು ಮರೆತುಹೋಗುತ್ತದೆ. ಮೇಲಾಗಿ ತಾತ್ಕಾಲಿಕವೆಂದು ಕಟ್ಟಿದುದು ಹಳತಾದಾಗ ತಾನೇ ಅಪಾಯವಾಗುತ್ತದೆ. 2024ರ ಮಾರ್ಚಿನಲ್ಲಿ ಬಿಜಾಪುರ ಜಿಲ್ಲೆಯ ಅಂಥದೊಂದು ಹೆಣ್ಣುಮಕ್ಕಳ ನಿಲಯಕ್ಕೆ ರಾತ್ರಿ ಬೆಂಕಿ ಬಿದ್ದು, ನಾಲ್ಕು ವರ್ಷದ ಎಳೆಯ ಬಾಲಿಕೆಯೊಬ್ಬಳು ಸುಟ್ಟುಹೋದಳು. ಅಲ್ಲಿ ಕೋವಿಯೂ ಇರಲಿಲ್ಲ, ಸಿಡಿಮದ್ದೂ ಇರಲಿಲ್ಲ. ಹೊತ್ತಿಕೊಳ್ಳದ ಗೋಡೆ, ಹೊರಗೆ ತೆರೆಯುವ ಎರಡನೆಯ ಬಾಗಿಲು, ಹುಡುಗಿಯರಿಗೆ ಚಿಲಕವಿರುವ ಶೌಚಾಲಯ, ಮಲೇರಿಯಾ ಕಾಲದ ಸೊಳ್ಳೆಪರದೆ, ಹಾವು ಕಚ್ಚಿದರೆ ಕೈಗೆ ಸಿಗುವ ಮದ್ದು: ಸುರಕ್ಷತೆಯೆಂಬ ದೊಡ್ಡ ಪದ ಬಿಡಿಸಿ ನೋಡಿದರೆ ಇಷ್ಟು ಸಣ್ಣ ವಸ್ತುಗಳಾಗಿ ಒಡೆಯುತ್ತದೆ.

ಈಚಿನ ವರ್ಷಗಳಲ್ಲಿ ಗಾಳಿ ತಿರುಗಿದೆ. ಮುಚ್ಚಿಹೋಗಿದ್ದ 260 ಶಾಲೆಗಳನ್ನು ಮತ್ತೆ ತೆರೆಯುವುದಾಗಿ 2022ರಲ್ಲಿ ಛತ್ತೀಸಗಢ ಸರ್ಕಾರ ಸಾರಿತು. ಅವುಗಳಲ್ಲಿ 158 ಬಿಜಾಪುರದವು, 97 ಸುಕ್ಮಾದವು. ಕಟ್ಟಡವಿಲ್ಲದಿದ್ದರೇನು, ಊರವರೇ ಮರದ ಗಳುಗಳನ್ನು ನೆಟ್ಟು, ಹುಲ್ಲು ಹೊದಿಸಿ ಗುಡಿಸಲು ಎಬ್ಬಿಸಿದರು. ಹೊರಗಿನ ಉಪಾಧ್ಯಾಯರು ಬರಲು ಅಂಜುವ ಕಡೆಗಳಲ್ಲಿ, ಅಷ್ಟಿಷ್ಟು ಓದಿದ ಅದೇ ಊರಿನ ತರುಣ ತರುಣಿಯರನ್ನು ಶಿಕ್ಷಾದೂತರೆಂದು ಕರೆದು ಗೌರವಧನದ ಮೇಲೆ ನೇಮಿಸಿದರು. ಎರಡು ವರ್ಷಗಳ ಹಿಂದೆ ಮಾಗಿಯ ಚಳಿಯಲ್ಲಿ ನಾನು ಸುಕ್ಮಾ ಜಿಲ್ಲೆಗೆ ಹೋಗಿದ್ದಾಗ ಅಂಥ ಒಂದು ಶಾಲೆಯನ್ನು ಕಂಡೆ. ಊರಿನ ಹೆಸರನ್ನು ಹೇಳದಿರುವುದೇ ಲೇಸು. ಹಳೆಯ ಶಾಲೆಯ ತಾರಸಿ ಒಂದೇ ಹಲಗೆಯಾಗಿ ಓರೆಯಾಗಿ ನೆಲಕ್ಕೆ ಕುಸಿದು ಬಿದ್ದಿತ್ತು; ಅದರ ಅಂಚಿನಿಂದ ತುಕ್ಕು ಹಿಡಿದ ಸರಳುಗಳು ಹೊರಚಾಚಿದ್ದುವು; ಅದರ ಇಳಿಜಾರಿನ ಮೇಲೆ ಮಕ್ಕಳು ಜಾರುಬಂಡೆಯಾಡುತ್ತಿದ್ದರು. ಇಪ್ಪತ್ತು ಮಾರು ಆಚೆಗೆ ಗುಡಿಸಲು. ಅದಕ್ಕೆ ಹೊಸ್ತಿಲಿಲ್ಲ, ದನ ನುಗ್ಗದಂತೆ ಅಡ್ಡ ಕಟ್ಟಿದ ಒಂದು ಬಿದಿರು, ಅಷ್ಟೆ. ಒಳಗೆ ಒಂದು ತಗಡಿನ ಪೆಟ್ಟಿಗೆ, ಅದರ ಮೇಲೆ ಹಾಜರಿ ಪುಸ್ತಕ. ಕಪ್ಪು ಬಳಿದ ಪ್ಲೈವುಡ್ ತುಂಡೇ ಹಲಗೆ. ಒಂದನೆಯ ತರಗತಿಯ ಒಂದೇ ಚಾಪೆಯ ಮೇಲೆ ಆರು ವರ್ಷದ ಹುಡುಗಿಯ ಪಕ್ಕದಲ್ಲಿ ಹನ್ನೆರಡು ವರ್ಷದ ಹುಡುಗ ಮಂಡಿ ಮಡಿಸಿ ಕುಳಿತು, ಅದೇ ಅಕ್ಷರವನ್ನು ತಿದ್ದುತ್ತಿದ್ದ. ಅವನ ಕೈ ದೊಡ್ಡದು, ಸೌದೆ ಸೀಳಿ ಒರಟಾದುದು, ಬಳಪದ ಚೂರು ಅದರಲ್ಲಿ ಕಾಣಿಸುತ್ತಲೇ ಇರಲಿಲ್ಲ. ಗುರುಜಿ ಎಂದು ಮಕ್ಕಳು ಕರೆಯುತ್ತಿದ್ದ ಶಿಕ್ಷಾದೂತನಿಗೆ ಇಪ್ಪತ್ತೆರಡೋ ಇಪ್ಪತ್ಮೂರೋ ವಯಸ್ಸು. ಪೋಟಾ ಕ್ಯಾಬಿನ್ನಿನಲ್ಲಿ ಓದಿ ಊರಿಗೆ ಮರಳಿದವನು.

ಆತ ಪುಸ್ತಕದಲ್ಲಿದ್ದ ಹಿಂದಿಯ ಪದವನ್ನು ಒಮ್ಮೆ ಓದಿ, ಒಡನೆಯೇ ಗೊಂಡಿಯಲ್ಲಿ ಅದನ್ನು ಬಿಡಿಸಿ ಹೇಳಿದಾಗ ಮಕ್ಕಳ ಮುಖ ಅರಳುತ್ತಿದ್ದುದನ್ನು ನೋಡಿ, ಶಾಲೆಗೆ ದಾರಿ ಸುಗಮವಾಗುವುದೆಂದರೆ ರಸ್ತೆ, ಸೇತುವೆಗಳಷ್ಟೇ ಅಲ್ಲವೆಂಬುದು ನನಗೆ ಮನದಟ್ಟಾಯಿತು. ಶಾಲೆ ಮನೆಯ ಬಾಗಿಲಿಗೇ ಬಂದರೂ ಅದರ ಮಾತು ತಿಳಿಯದಿದ್ದರೆ ಮಗುವಿಗೆ ಅದು ನೂರು ಹರದಾರಿ ದೂರವೇ. ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಅನುಕೂಲ ಕಲ್ಪಿಸಬೇಕೆಂದು ಸಂವಿಧಾನದ 350ಎ ವಿಧಿ 1956ರಿಂದಲೂ ಹೇಳುತ್ತಿದೆ. ಮಾತೃಭಾಷೆಯ ಹೆಸರಿನಲ್ಲಿ ಇಷ್ಟೊಂದು ಹೋರಾಡಿದ ಕನ್ನಡಿಗರಿಗೆ ಗೊಂಡಿಯ ಮಗುವಿನ ಈ ಕಷ್ಟವನ್ನು ವಿವರಿಸಿ ಹೇಳಬೇಕಾಗಿಲ್ಲ. ಸಂಘರ್ಷದ ಸೀಮೆಯಲ್ಲಿ ಇದಕ್ಕೆ ಇನ್ನೊಂದು ಬೆಲೆಯೂ ಉಂಟು: ಊರಿನ ಮಾತನ್ನಾಡುವ ಉಪಾಧ್ಯಾಯನಿರುವ ಶಾಲೆಯನ್ನು ಊರು ತನ್ನದೆಂದು ಬಗೆಯುತ್ತದೆ, ತನ್ನದೆಂದು ಬಗೆದುದರ ಮೇಲೆ ಕಣ್ಣಿಟ್ಟಿರುತ್ತದೆ.

ಇಲ್ಲಿ ನೀವು ನನ್ನನ್ನು ತಡೆದು ಕೇಳಬಹುದು: ಊರಿನ ಕಣ್ಣು ಗುಂಡನ್ನು ತಡೆದೀತೆ? ಈ ಪ್ರಶ್ನೆಯನ್ನು ನಾನು ತಪ್ಪಿಸಿಕೊಳ್ಳಲಾರೆ. 2024 ಮತ್ತು 2025ರಲ್ಲಿ ಬಿಜಾಪುರ, ಸುಕ್ಮಾಗಳಲ್ಲಿ ಹಲವು ಮಂದಿ ಶಿಕ್ಷಾದೂತರನ್ನು, ಪೊಲೀಸರಿಗೆ ಸುದ್ದಿ ಮುಟ್ಟಿಸುವವರೆಂಬ ಆರೋಪ ಹೊರಿಸಿ, ಮಾವೋವಾದಿಗಳು ಕೊಂದರು. ಸೀಮೆಸುಣ್ಣ ಹಿಡಿದ ಕೈಯನ್ನು ಕಡಿಯುವ ಯಾವ ಕ್ರಾಂತಿಗೂ ಬಡವರ ಹೆಸರು ಹೇಳುವ ಅಧಿಕಾರವಿಲ್ಲ. ಆದರೆ ಈ ಕೊಲೆಗಳಿಂದ, ಶಾಲೆಗೊಂದು ಪಹರೆ ಇಡಬೇಕೆಂಬ ತೀರ್ಮಾನಕ್ಕೆ ಬರುವುದು ನನಗೆ ಸರಿತೋರದು. ಆ ತರುಣರ ಮೇಲೆ ಬಿದ್ದುದು ಸಂಶಯದ ಕತ್ತಿ. ಪಹರೆ ನಿಂತ ಶಾಲೆಯಲ್ಲಿ ಸಂಶಯ ಬೆಳೆಯುತ್ತದೆಯೇ ಹೊರತು ಕಡಮೆಯಾಗದು. ಉಪಾಧ್ಯಾಯನನ್ನು ಆಡಳಿತ ಯಾವ ಸುದ್ದಿಯನ್ನೂ ಕೇಳಬಾರದು, ಯಾವ ಪಡೆಯೂ ಅವನ ಅಂಗಳದಲ್ಲಿ ನೀರು ಕುಡಿಯಲೂ ನಿಲ್ಲಬಾರದು, ಅವನು ಮಕ್ಕಳ ಹಾಜರಿಯ ಹೊರತು ಮತ್ತಾವ ಪಟ್ಟಿಯನ್ನೂ ಬರೆಯುವವನಲ್ಲ ಎಂಬುದು ಎರಡೂ ಪಕ್ಷಗಳಿಗೆ ಕಣ್ಣಿಗೆ ಕಾಣುವಷ್ಟು ಸ್ಪಷ್ಟವಾಗಿರಬೇಕು. ಆಗಲೂ ಅಪಾಯ ಪೂರ್ತಿ ತೊಲಗದೆಂಬುದನ್ನು ಬಲ್ಲೆ. ಆದಕಾರಣವೇ ಅವನಿಗೆ ಬರಿಯ ಗೌರವಧನವಲ್ಲದೆ ಖಾಯಂ ಉಪಾಧ್ಯಾಯನ ಹುದ್ದೆಯೂ, ಅವನು ಇಲ್ಲವಾದರೆ ಅವನ ಮನೆಯವರಿಗೆ ಸೈನಿಕನ ಮನೆಯವರಿಗೆ ಸಲ್ಲುವಂಥ ಆಸರೆಯೂ ಸಲ್ಲಬೇಕು.

ಇದು ಬರಿಯ ಆದರ್ಶದ ಮಾತಲ್ಲವೆಂಬುದಕ್ಕೆ ನೆರೆಯ ನೇಪಾಳವೇ ಸಾಕ್ಷಿ. 1996ರಿಂದ 2006ರವರೆಗೆ ಅಲ್ಲಿ ನಡೆದ ಅಂತರ್ಯುದ್ಧದಲ್ಲಿ ಬಂಡುಕೋರರು ಸಾವಿರಾರು ವಿದ್ಯಾರ್ಥಿಗಳನ್ನೂ ಉಪಾಧ್ಯಾಯರನ್ನೂ ತಮ್ಮ ಬೋಧನಾ ಶಿಬಿರಗಳಿಗೆ ಎಳೆದೊಯ್ಯುತ್ತಿದ್ದರು. ಸೇನೆಯವರು ಶಾಲೆಗಳಲ್ಲಿ ಬೀಡುಬಿಡುತ್ತಿದ್ದರು. ಆ ಕಾಲದಲ್ಲಿಯೇ ಶಾಂತಿಕ್ಷೇತ್ರ ಶಾಲೆಗಳೆಂಬ ಆಂದೋಲನ ಹುಟ್ಟಿತು. ರಾಜಧಾನಿಯಲ್ಲಿ ಕುಳಿತು ಕಾನೂನು ಮಾಡುವುದಕ್ಕೆ ಕಾಯದೆ, ಒಂದೊಂದು ಊರಿನಲ್ಲಿಯೂ ತಂದೆತಾಯಿಯರು, ಉಪಾಧ್ಯಾಯರು, ಶಾಲಾ ಸಮಿತಿಯವರು ಕೂಡಿ ಆಚಾರಸಂಹಿತೆಯೊಂದನ್ನು ಬರೆದರು. ಆಯುಧದೊಡನೆ ಒಳಗೆ ಬರಬಾರದು, ಸಮವಸ್ತ್ರದಲ್ಲಿ ಬರಬಾರದು, ಮಕ್ಕಳನ್ನು ಸೇನೆಗೆ ಕರೆಯಬಾರದು, ಬಂದ್ ಎಂದು ಶಾಲೆ ಮುಚ್ಚಿಸಬಾರದು ಎಂಬಂಥ ನಾಲ್ಕಾರು ಮಾತುಗಳು. ಅದನ್ನು ಹಿಡಿದು ಎರಡೂ ಪಕ್ಷದ ಸ್ಥಳೀಯ ನಾಯಕರ ಬಳಿಗೆ ಹೋಗಿ, ಬೇಡಿ, ವಾದಿಸಿ, ಒಪ್ಪಿಸಿದರು. ಯುದ್ಧ ಮುಗಿದ ಮೇಲೆ, 2011ರಲ್ಲಿ, ಸರ್ಕಾರವೇ ಎಲ್ಲ ಶಾಲೆಗಳನ್ನೂ ಶಾಂತಿಕ್ಷೇತ್ರಗಳೆಂದು ಸಾರಿತು. ರೋರಿಕ್ ಕಂಡ ಬಾವುಟವನ್ನು ಆ ಹಳ್ಳಿಯವರು ಮಾತಿನಲ್ಲಿಯೇ ಹಾರಿಸಿದರೆನ್ನಬೇಕು. ಬಸ್ತರಕ್ಕೆ ಮರಳುವುದಾದರೆ, ಅಲ್ಲಿ ಮಾವೋವಾದಿ ಬಂಡುಕೋರರ ಬಲ ಇಂದು ಬಹಳ ಕುಗ್ಗಿದೆ. ಅವರ ಪ್ರಧಾನ ಕಾರ್ಯದರ್ಶಿ ಬಸವರಾಜು 2025ರ ಮೇ 21ರಂದು ನಾರಾಯಣಪುರದ ಅಡವಿಯಲ್ಲಿ ಹತನಾದನು. ಅಡವಿಯೊಳಗೆ ಹೊಸ ಹೊಸ ಭದ್ರತಾ ಶಿಬಿರಗಳು ಏಳುತ್ತಿವೆ. ಶಿಬಿರದ ಬೆನ್ನಿಗೆ ರಸ್ತೆ, ರಸ್ತೆಯ ಬೆನ್ನಿಗೆ ಶಾಲೆ ಬರುತ್ತಿದೆ. ಬರಲಿ; ಆದರೆ ಶಿಬಿರದ ಬೇಲಿಗೂ ಶಾಲೆಯ ಬೇಲಿಗೂ ನಡುವೆ ಮಗು ಓಡಿಯಾಡುವಷ್ಟು ಬಯಲಿರಲಿ, ಎರಡಕ್ಕೂ ಒಂದೇ ಬಾಗಿಲಾಗದಿರಲಿ.

ಇನ್ನು ಬಸ್ತರದಿಂದ ಗಡಿ ದಾಟಿ ಹೋದವರ ಮಕ್ಕಳ ಮಾತು. ಇಪ್ಪತ್ತು ವರ್ಷದಿಂದ ಗೋದಾವರಿಯ ಕಡೆಯ ಕಾಡುಗಳಲ್ಲಿ, ಇಂದಿನ ತೆಲಂಗಾಣದಲ್ಲಿ, ಗುಡಿಸಲು ಕಟ್ಟಿಕೊಂಡಿರುವ ಇವರನ್ನು ಅಲ್ಲಿಯವರು ಗುತ್ತಿಕೋಯರೆನ್ನುತ್ತಾರೆ. ತಮ್ಮ ರಾಜ್ಯದಲ್ಲಿ ಪರಿಶಿಷ್ಟ ಬುಡಕಟ್ಟಾಗಿದ್ದವರಿಗೆ ಅಲ್ಲಿ ಆ ಮಾನ್ಯತೆಯಿಲ್ಲ. ವಯಸ್ಸಿನ ದಾಖಲೆ ಇಲ್ಲವೆಂದು ಮಗುವಿಗೆ ಪ್ರವೇಶ ನಿರಾಕರಿಸಬಾರದು, ವರ್ಗಾವಣೆ ಪತ್ರ ತಡವಾಯಿತೆಂದು ಹಿಂದಕ್ಕೆ ಕಳುಹಬಾರದು, ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿಕೊಂಡು ಹಿಂದುಳಿದುದನ್ನು ವಿಶೇಷ ಪಾಠದಿಂದ ತುಂಬಬೇಕು ಎಂದು 2009ರ ಶಿಕ್ಷಣದ ಹಕ್ಕಿನ ಕಾಯಿದೆ ಬಿಡಿಸಿ ಬಿಡಿಸಿ ಹೇಳಿದೆ. ಕಾಯಿದೆಯನ್ನು ಬರೆದವರ ಕಣ್ಮುಂದೆ ಇಂಥದೇ ಮಗುವೊಂದು ನಿಂತಿತ್ತೇನೋ ಎನ್ನಿಸುವಷ್ಟು ಸ್ಪಷ್ಟವಾಗಿ ಹೇಳಿದೆ. ಅದನ್ನು ಓದಿ ನಡೆಸುವ ಮುಖ್ಯೋಪಾಧ್ಯಾಯನೊಬ್ಬ ಆ ಕಾಡಿನಂಚಿನ ಪ್ರತಿಯೊಂದು ಶಾಲೆಯಲ್ಲಿಯೂ ಇರಬೇಕು.

ಸುಕ್ಮಾದ ಆ ಗುಡಿಸಲಿನಿಂದ ಹೊರಡುವ ಮೊದಲು, ವೃತ್ತಿಯ ಅಭ್ಯಾಸಬಲದಿಂದ, ನಾನು ಹಾಜರಿ ಪುಸ್ತಕವನ್ನು ಕೈಗೆತ್ತಿಕೊಂಡೆ. ಮೂವತ್ತೊಂದು ಹೆಸರುಗಳು, ನೀಟಾದ ದುಂಡು ಅಕ್ಷರ. ನಡುನಡುವೆ ಕೆಲವು ಸಾಲುಗಳು ಖಾಲಿ. ಕ್ರಮಸಂಖ್ಯೆ ಹಾಕಿದೆ, ಹೆಸರಿಲ್ಲ. ತಪ್ಪಿರಬೇಕೆಂದು ಭಾವಿಸಿ, ಜೊತೆಗಿದ್ದ ಸ್ನೇಹಿತರ ಮೂಲಕ ಆ ತರುಣನನ್ನು ಕೇಳಿದೆ.

“ತಪ್ಪಲ್ಲ ಸರ್,” ಎಂದ. “ಆ ಮನೆಗಳವರು ಆಚೆ ಕಡೆ ಹೋಗಿದ್ದಾರೆ. ಹೋದ ವರ್ಷ ಎರಡು ಮನೆಯವರು ವಾಪಸು ಬಂದರು. ಬಂದ ಮಕ್ಕಳ ಹೆಸರನ್ನು ಅವರ ಓಣಿಯ ಮಕ್ಕಳ ಜೊತೆಯಲ್ಲೇ ಬರೆಯೋಣವೆಂದು ಜಾಗ ಬಿಟ್ಟಿದ್ದೇನೆ.”

ಎಷ್ಟು ಸಾಲುಗಳೆಂದು ಎಣಿಸಿದೆ. ಹದಿನಾಲ್ಕಿದ್ದುವು. ಅಷ್ಟರಲ್ಲಿ ಮಕ್ಕಳು ತಟ್ಟೆ ಹಿಡಿದು ಊಟಕ್ಕೆ ಸಾಲುಗೂಡಿದುದರಿಂದ ಅವನು ಪುಸ್ತಕವನ್ನು ನನ್ನ ಕೈಯಿಂದ ತೆಗೆದುಕೊಂಡು, ಪೆಟ್ಟಿಗೆಯೊಳಗಿಟ್ಟು ಬೀಗ ಹಾಕಿ, ಅನ್ನ ಬಡಿಸಲು ಹೋದನು.